ಅಡಿಚಳಿ ತಂಗಿದ ಮನೆ

ದೋಣಿಗಳು ಬಂದು ನಿಲ್ಲುವ ದಕ್ಕೆಯ ನನ್ನ ಚಹದಂಗಡಿಯಲ್ಲಿ ಬನ್ಸ್ ಕರಿಯುತ್ತಿದ್ದಾಗ ನಮ್ಮ ಕೇರಿಯ ಕಡೆಯಿಂದ "ಎಣ್ಣೆ ಕಟ್ಟಿತು! ಎಣ್ಣೆ ಕಟ್ಟಿತು!" ಎಂಬ ಕೂಗು ಕೇಳಿಸಿತು. ಅದು ನನ್ನ ಅತ್ತೆ ಭಾಗಿಯಮ್ಮನ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. ಅಂಗಡಿಯಲ್ಲಿ ಕೂತಿದ್ದ ಗಂಡಸರೆಲ್ಲ ಗ್ಲಾಸು ಕೆಳಗಿಟ್ಟು ಎದ್ದರು. ಬಾಣಲೆ ಇಳಿಸಿ ನಾನೂ ಓಡಿದೆ.

ಹೊಸ್ತಿಲು ದಾಟುವಾಗಲೇ ಗೊತ್ತಾಯಿತು. ಹೊರಗೆ ಮಳೆಗಾಲದ ಅಂಟು ಬೆವರು, ಒಳಗೆ ಬಾಯಿ ತೆರೆದರೆ ಹೊಗೆ. ಅಡುಗೆಮನೆಯ ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಬೆಳ್ಳಗೆ ಮೇಣವಾಗಿತ್ತು. ಅತ್ತೆ ಆ ಬಾಟಲಿಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು.

"ನಮ್ಮನೆಗೆ ಬಂತು ಅಹಲ್ಯಾ," ಎಂದರು. "ಇಷ್ಟು ವರ್ಷಕ್ಕೆ ನಮ್ಮನೆ ದಾರಿ ಗೊತ್ತಾಯ್ತು ನೋಡು ಅದಕ್ಕೆ."

ನಮ್ಮೂರಲ್ಲಿ ಅದನ್ನು ಅಡಿಚಳಿ ಎನ್ನುತ್ತಾರೆ. ಮಳೆಗಾಲದಲ್ಲಿ ಉತ್ತರದಿಂದ ಬಡಗಾಳಿ ದಡದ ಉದ್ದಕ್ಕೂ ಬಿಡದೆ ಬೀಸತೊಡಗಿದರೆ ಕಡಲಿನ ಮೇಲಿನ ಬೆಚ್ಚನೆಯ ನೀರು ಹೊರಕ್ಕೆ ಸರಿಯುತ್ತದೆ, ತಳದ ತಣ್ಣೀರು ಮೇಲಕ್ಕೆ ಬರುತ್ತದೆ. ಹಾಲಿನ ಕೆನೆಯನ್ನು ಊದಿ ಪಕ್ಕಕ್ಕೆ ಸರಿಸಿದ ಹಾಗೆ ಎಂದು ಅತ್ತೆ ಹೇಳುತ್ತಿದ್ದರು. ಆ ನೀರಿನ ಜೊತೆ ಬಂದ ಚಳಿ ದಡ ಹತ್ತಿ, ಊರೊಳಗೆ ನಡೆದು, ತನಗೆ ಬೇಕಾದ ಒಂದು ಮನೆ ಹೊಕ್ಕು ತಂಗುತ್ತದೆ. ಅದು ತಂಗಿರುವಷ್ಟು ಕಾಲ ಕಡಲು ಹೆಸರುಕಾಳು ಬೇಯಿಸಿದ ನೀರಿನ ಹಾಗೆ ಹಸಿರಾಗಿರುತ್ತದೆ. ಆ ಹಸಿರನ್ನು ಮೇಯಲು ಬೂತಾಯಿ ಮೀನು ಬರುತ್ತದೆ, ಬೂತಾಯಿಯ ಬೆನ್ನಿಗೆ ದೊಡ್ಡ ಮೀನು. ಚಳಿ ಹೊರಟರೆ ಮೀನೂ ಹೊರಟಿತು. ಹಾಗಾಗಿ ಅಡಿಚಳಿ ಇಳಿದ ಮನೆಯನ್ನು ಖಾಲಿ ಬಿಡಬಾರದು ಎಂಬುದು ಊರಿನ ಕಟ್ಟಳೆ. ಮನೆಯವರಲ್ಲಿ ಒಬ್ಬರಾದರೂ ಒಳಗೆ ಕೂತಿರಬೇಕು. ಯಾರೂ ಇಲ್ಲದ ಮನೆಯಲ್ಲಿ ಅತಿಥಿ ಎಷ್ಟು ಹೊತ್ತು ಕಾದಾನು ಎಂದು ಹಿರಿಯರು ಕೇಳುತ್ತಿದ್ದರು.

ಹಿಂದಿನ ವರ್ಷ ಅದು ಬಂದೇ ಇರಲಿಲ್ಲ. ಗಾಳಿಗೆ ದಿಕ್ಕೇ ತಪ್ಪಿತ್ತು. ಒಂದು ದಿನ ಪಡುವಣದಿಂದ, ಇನ್ನೊಂದು ದಿನ ತೆಂಕಣದಿಂದ ಬೀಸಿ ಆಮೇಲೆ ಮಲಗಿಬಿಡುತ್ತಿತ್ತು. ಮಳೆ ಮಾತ್ರ ಹುಚ್ಚು ಹಿಡಿದಂತೆ ಸುರಿದು, ಹೊಳೆಯಿಂದ ಬಂದ ಸಿಹಿನೀರು ಕಡಲಿನ ಮೇಲೆ ಮುಚ್ಚಳದ ಹಾಗೆ ಕೂತಿತು. ಮಳೆ ಬಿಟ್ಟ ಮೇಲೆ ಕಡಲು ಎಷ್ಟು ತಿಳಿಯಾಯಿತೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಬಿದ್ದದ್ದು ಕಾಣುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ನೆಂಟರು ಆ ನೀಲಿಯನ್ನು ಹೊಗಳಿ ಫೋಟೋ ತೆಗೆಸಿಕೊಂಡರು. ನಮ್ಮ ಗಂಡಸರು ಅದನ್ನು ನೋಡಲಾರದೆ ತಲೆ ತಗ್ಗಿಸಿದರು. ತಿಳಿ ಕಡಲೆಂದರೆ ಹಸಿದ ಕಡಲು, ಅದರಲ್ಲಿ ಮೇಯಲು ಏನೂ ಇರುವುದಿಲ್ಲ. ಆ ವರ್ಷ ನನ್ನ ಗಂಡ ವಾಮನ ಬಲೆಯನ್ನು ಅಟ್ಟಕ್ಕೆ ಹಾಕಿ ದೂರದ ಊರಿನಲ್ಲಿ ಬಾವಿ ತೋಡಲು ಹೋದ. ನಮ್ಮ ಕೇರಿಯ ಬೆಕ್ಕುಗಳೂ ಬೇಯಿಸಿದ ಗೆಣಸು ತಿನ್ನುವುದನ್ನು ಕಲಿತವು.

ಆದ್ದರಿಂದ ಈ ಸಲ ಎಣ್ಣೆ ಕಟ್ಟಿತು ಎಂದು ಕೇಳಿದ ಕೂಡಲೇ ಇಡೀ ಊರು ನಮ್ಮ ಅಂಗಳದಲ್ಲಿ ಸೇರಿತು. ಕಂಬಳಿ ತಂದರು, ಶುಂಠಿ ಕಷಾಯ ತಂದರು. ಕೊನೆಗೆ ಪುರ್ಸು ತಾಂಡೇಲ ಬಂದ. ದೋಣಿಗಳೆಲ್ಲ ಅವನ ಮಾತಿನಂತೆ ನೀರಿಗಿಳಿಯುತ್ತಿದ್ದವು. ಊರಿನ ಜಗಳಗಳೂ ಅವನ ಮಾತಿನಿಂದಲೇ ಮುಗಿಯುತ್ತಿದ್ದವು. ಹೊಸ್ತಿಲ ಹೊರಗೇ ನಿಂತು ಕೈಯನ್ನು ಒಳಕ್ಕೆ ಚಾಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಹಣೆಗೆ ಮುಟ್ಟಿಸಿಕೊಂಡ.

"ಒಳ್ಳೇದಾಯ್ತು ಭಾಗಿ. ಇನ್ನು ಮನೆ ಬಿಡ್ಬೇಡ," ಎಂದ.

"ಬಿಡುದಾ? ಇದಕ್ಕಾಗಿ ಎಷ್ಟು ವರ್ಷ ಬಾಗಿಲು ತೆರ್ದಿಟ್ಟೆ ಅಂತ ನಿಂಗೆ ಗೊತ್ತುಂಟಾ ಪುರ್ಸು?" ಎಂದರು ಅತ್ತೆ.

ಅದು ನಿಜ. ಪ್ರತಿ ಮಳೆಗಾಲದಲ್ಲೂ ಅವರು ಜಗಲಿ ಸಾರಿಸಿ, ಎಣ್ಣೆ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಕಾಯುತ್ತಿದ್ದರು. ಅದು ಪಕ್ಕದ ಮನೆಗೆ ಹೋಗುತ್ತಿತ್ತು, ಎದುರು ಮನೆಗೆ ಹೋಗುತ್ತಿತ್ತು, ಒಮ್ಮೆ ಯಾರೂ ಮಾತಾಡಿಸದ ಜಿಪುಣನ ಮನೆಗೂ ಹೋಗಿತ್ತು. ಭಾಗಿಯ ಒಲೆ ಜಾಸ್ತಿ ಬಿಸಿ, ಅದಕ್ಕೇ ಹತ್ತಿರ ಸುಳಿಯುವುದಿಲ್ಲ ಎಂದು ಬಾವಿಕಟ್ಟೆಯ ಹೆಂಗಸರು ನಗುತ್ತಿದ್ದರು. ಅಂಥ ದಿನ ಅತ್ತೆ ಕೊಡ ತುಂಬದೆಯೇ ತಿರುಗಿ ಬರುತ್ತಿದ್ದರು.

ಮೊದಲ ದಿನಗಳು ಹಬ್ಬದ ಹಾಗಿದ್ದವು. ಬಾಯಿಂದ ಹೊಗೆ ಬಿಡಲು ಕೇರಿಯ ಮಕ್ಕಳೆಲ್ಲ ನಮ್ಮ ನಡುಮನೆಗೆ ಬಂದರು. ಮೊಸರು ಹೆಪ್ಪಾಗಲಿಲ್ಲ, ಮಲ್ಲಿಗೆ ಬಾಡಲಿಲ್ಲ. ಪಕ್ಕದ ಮನೆಯ ಜಯಂತಿ ತನ್ನ ಮೀನಿನ ಬುಟ್ಟಿಗಳನ್ನು ತಂದು ನಮ್ಮ ಕೋಣೆಯಲ್ಲಿ ಸಾಲಾಗಿ ಇಟ್ಟಳು. ವಾಮನ ದಿನಾ ದೋಣಿ ತುಂಬಿಕೊಂಡು ಬರುತ್ತಿದ್ದ, ಮೈಯೆಲ್ಲ ಮೀನಿನ ಹುರುಪೆ ಅಂಟಿಸಿಕೊಂಡು ನಗುತ್ತಿದ್ದ. ನಾನೂ ಅತ್ತೆಯೂ ಸರದಿಯಂತೆ ಮನೆಯಲ್ಲಿ ಕೂರುತ್ತಿದ್ದೆವು. ನನ್ನ ಸರದಿ ಬಂದಾಗಲೂ ಅತ್ತೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಕಂಬಳಿ ಹೊದ್ದು, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಮಾತಾಡುತ್ತಿದ್ದರು.

"ಕೆಳಗೆ ಹೇಗುಂಟು? ಬೆಳಕು ಉಂಟಾ?" ಎಂದು ಕೇಳುತ್ತಿದ್ದರು. "ಇಲ್ಲಿಗಿಂತ ಅಲ್ಲೇ ನೆಮ್ಮದಿ ಅಂತ ಕಾಣ್ತದೆ. ಆದ್ರೂ ಬಂದ್ಯಲ್ಲ."

ಉತ್ತರ ಬರುತ್ತಿರಲಿಲ್ಲ. ಆದರೆ ಆ ಪ್ರಶ್ನೆಗಳು ನನ್ನವೂ ಆಗಿದ್ದವು. ಚಿಕ್ಕಂದಿನಿಂದ ನನಗೆ ಕೇಳುವ ಚಟ. ನಿನ್ನ ಪ್ರಶ್ನೆ ಮುಗಿಯುವಾಗ ಚಾ ಆರಿ ತಣ್ಣಗಾಗ್ತದೆ ಎಂದು ವಾಮನ ಹಾಸ್ಯ ಮಾಡುತ್ತಿದ್ದ. ಅದು ಎಷ್ಟು ಆಳದಿಂದ ಬರುತ್ತದೆ? ದಿನಾ ಒಂದೇ ಚಳಿಯೇ, ಅಥವಾ ಹಳೆಯದು ಹೋಗಿ ಹೊಸದು ಬರುತ್ತಿದೆಯೇ? ಕಡಲಿನ ತಳವೆಲ್ಲ ಒಂದೇ ರುಚಿಯೇ? ಮಂಚದ ಪಕ್ಕದಲ್ಲಿ ನಾನು ಸೀಮೆಎಣ್ಣೆಯ ದೀಪ ಹಚ್ಚಿಡುತ್ತಿದ್ದೆ. ಮೊದಮೊದಲು ಆ ಚಳಿಯಲ್ಲಿ ಅದರ ಜ್ವಾಲೆ ನೆಟ್ಟಗೆ, ಚೂಪಾಗಿ ಉರಿಯುತ್ತಿತ್ತು. ಹೊಸ ಅಕ್ಕಿ ಬರುವ ಹೊತ್ತಿಗೆ ಅದು ಕುಗ್ಗತೊಡಗಿದ್ದನ್ನು ನಾನು ನೋಡಿದೆ.

ಪ್ರತಿ ವರ್ಷ ಹೊಸ ಅಕ್ಕಿಯ ಹೊತ್ತಿಗೆ ಬಡಗಾಳಿ ಸಡಿಲವಾಗಬೇಕು. ಈ ವರ್ಷ ಆಗಲಿಲ್ಲ. ಹಗಲೂ ಇರುಳೂ ಒಂದೇ ಸಮನೆ ಬೀಸಿತು. ತೆಂಗಿನ ಗರಿಗಳೆಲ್ಲ ಯಾರೋ ತಲೆ ಬಾಚಿದಂತೆ ತೆಂಕಣಕ್ಕೆ ಬಾಗಿ ನಿಂತಿದ್ದವು. ಹೆಂಚು ಹಾರದಿರಲಿ ಎಂದು ಜನ ಕಲ್ಲು ಹೇರಿದರು. ಹೋದ ವರ್ಷ ಬೀಸದೆ ಉಳಿದದ್ದನ್ನೂ ಸೇರಿಸಿ ಈಗ ಬೀಸುತ್ತಿದೆ ಎಂದು ಜಯಂತಿ ಹೇಳಿದಳು. ಮನೆಯೊಳಗಿನ ಚಳಿಗೂ ಬೇರೆ ವಾಸನೆ ಬಂತು. ಮೊದಲು ಹಸಿ ಪಾಚಿಯ, ಉಪ್ಪಿನ ವಾಸನೆ ಇತ್ತು. ಈಗ ಮುಚ್ಚಿಟ್ಟ ಹಳೆಯ ಪೆಟ್ಟಿಗೆ ತೆರೆದ ಹಾಗೆ. ಅತ್ತೆಗೆ ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ಕೇಳಿದರೆ ವಯಸ್ಸಾಯ್ತು ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ದಕ್ಕೆಯಲ್ಲಿ ಗದ್ದಲವೆದ್ದಿತು. ಮೀನು ತಾನಾಗಿಯೇ ದಡಕ್ಕೆ ಬರುತ್ತಿತ್ತು. ನೀರಿನ ಅಂಚಿನಲ್ಲಿ ನಂಗು, ಸಿಗಡಿ, ಹೆಸರು ಗೊತ್ತಿಲ್ಲದ ತಳದ ಮೀನುಗಳು ಒಂದರ ಮೇಲೊಂದು ಒತ್ತಿಕೊಂಡು ಹೊಳೆಯುತ್ತಿದ್ದವು. ಬಲೆ ಬೇಡ, ದೋಣಿ ಬೇಡ. ಹೆಂಗಸರು ಸೀರೆ ಎತ್ತಿಕಟ್ಟಿ, ಬುಟ್ಟಿ ಮುಳುಗಿಸಿ ಎತ್ತಿದರು. ಮುದುಕರು ಮಂಡಿಯೂರಿ ಕೈಯಲ್ಲೇ ಬಾಚಿದರು. ಹಿಂದಿನ ವರ್ಷದ ಹಸಿವು ಕಂಡವರಿಗೆ ಇದಕ್ಕಿಂತ ಇನ್ನೇನು ಬೇಕು? ನಾನೂ ಒಂದು ಬುಟ್ಟಿ ತುಂಬಿದೆ. ತುಂಬುವಾಗ ದಕ್ಕೆಯ ಕಂಬಗಳ ಕಡೆ ಕಣ್ಣು ಹೋಯಿತು. ಕಂಬದ ಮೇಲೆ ಏಡಿಗಳು ಹತ್ತುತ್ತಿದ್ದವು. ಕೆಳಗಿನವು ಮೇಲಿನವುಗಳ ಬೆನ್ನು ತುಳಿದು, ಕಂಬದ ತುದಿ ಮುಟ್ಟಿ, ಇನ್ನು ಹತ್ತಲು ಜಾಗವಿಲ್ಲದೆ ಗಾಳಿಯಲ್ಲಿ ಕಾಲಾಡಿಸುತ್ತಿದ್ದವು. ಜನ ಹತ್ತಿರ ಹೋದರೂ ಒಂದೂ ನೀರಿಗೆ ಹಾರಲಿಲ್ಲ.

ಪುರ್ಸು ತಾಂಡೇಲ ದಡದಲ್ಲಿ ನಿಂತು ನೋಡುತ್ತಿದ್ದ. ಅವನ ಹತ್ತಿರ ಹೋದೆ.

"ತಾಂಡೇಲರೇ, ಇವು ನಮ್ಮ ಹತ್ರ ಬರ್ತಾ ಇಲ್ಲ. ಯಾವುದರಿಂದಲೋ ಓಡಿ ಬರ್ತಾ ಉಂಟು. ಮೀನಿನ ಬಾಯಿ ನೋಡಿ, ಎಲ್ಲ ಮೇಲೆ ಬಂದು ತೆರ್ಕೊಂಡಿದೆ."

"ಬಂದದ್ದನ್ನ ತಿನ್ನು ಅಹಲ್ಯಾ. ಯಾಕೆ ಬಂತು ಅಂತ ಕೇಳ್ಬೇಡ."

"ನಮ್ಮನೇಲಿ ದೀಪಾನೂ ಸಣ್ಣ ಆಗ್ತಾ ಉಂಟು. ಅತ್ತೆಗೆ ಉಸಿರು ಕಟ್ತದೆ. ಒಂದು ದಿನಕ್ಕೆ ಅವರನ್ನ ಹೊರಗೆ—"

"ಮನೆ ಬಿಡುದು ಬೇಡ." ಅವನು ನನ್ನ ಕಡೆ ತಿರುಗಲಿಲ್ಲ. "ಕೂತವರು ಎಲ್ಲ ಹೀಗೇ ಹೇಳುದು. ಸ್ವಲ್ಪ ಕಷ್ಟ ಆಗ್ತದೆ. ಆಮೇಲೆ ಗಾಳಿ ಬಿಡ್ತದೆ."

ವಾಮನನಿಗೆ ಇದನ್ನು ಹೇಳಿದಾಗ ಅವನು ಬಲೆ ಬಿಡಿಸುವುದನ್ನು ನಿಲ್ಲಿಸಿ ದನಿ ತಗ್ಗಿಸಿದ. "ಅವನ ಹತ್ರ ಇನ್ನು ಈ ಮಾತು ತೆಗೀಬೇಡ. ಅವನ ಹೆಂಡತಿ ತಾರಾ ಹೋದದ್ದೇ ಹಾಗೆ." ನಾನು ಈ ಊರಿಗೆ ಬರುವ ಮೊದಲಿನ ಕಥೆ ಅದು. ಅಡಿಚಳಿ ಪುರ್ಸುವಿನ ಮನೆಗೆ ಇಳಿದಿತ್ತು, ಅವನು ದೋಣಿಯಲ್ಲಿರುತ್ತಿದ್ದ, ತಾರಾ ಒಬ್ಬಳೇ ಕೂರುತ್ತಿದ್ದಳು. ಕೆಮ್ಮು ಹತ್ತಿ ಎದೆಗಿಳಿಯಿತು. ಅವಳ ಅಕ್ಕ ಒಳನಾಡಿನಿಂದ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಪುರ್ಸು ಬಾಗಿಲಿಗೆ ಅಡ್ಡ ನಿಂತ. ಇವಳು ಎದ್ದರೆ ಊರಿನ ಅನ್ನ ಏಳುತ್ತದೆ ಎಂದ. ಅಕ್ಕ ಬರಿಗೈಯಲ್ಲಿ ಹೋದಳು. ಆ ವಾರವೇ ತಾರಾ ತೀರಿಕೊಂಡಳು. ಆ ವರ್ಷದಷ್ಟು ಮೀನು ಊರು ಎಂದೂ ಕಂಡಿರಲಿಲ್ಲವಂತೆ. ಅವಳ ಪುಣ್ಯ ಎಂದು ಜನ ಈಗಲೂ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ದಡ ಬೆಳ್ಳಗಿತ್ತು. ದೂರದಿಂದ ನೊರೆ ಎಂದುಕೊಂಡೆ. ಹತ್ತಿರ ಹೋದರೆ ಸತ್ತ ಮೀನು. ಕಣ್ಣು ಹಾಯಿಸಿದಷ್ಟು ದೂರ ಹೊಟ್ಟೆ ಮೇಲಾಗಿ ಬಿದ್ದಿತ್ತು. ಹಸಿರು ಕಡಲು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ನಿನ್ನೆ ಬಾಚಿಕೊಂಡವರೆಲ್ಲ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ನನಗೆ ಮನೆಯ ನೆನಪಾಯಿತು. ಅದೇ ನೀರಿನ ಚಳಿಯಲ್ಲವೇ ನಮ್ಮ ನಡುಮನೆಯಲ್ಲಿ ಕೂತಿರುವುದು?

ಓಡಿಬಂದು ನೋಡಿದರೆ ದೀಪ ಆರಿತ್ತು. ಕಡ್ಡಿ ಗೀರಿದೆ. ಭುಗ್ಗೆಂದು ಹೊತ್ತಿ ಬೆರಳಿನಲ್ಲೇ ನಂದಿತು. ಇನ್ನೊಂದು ಗೀರಿದೆ, ಅದೂ ಹಾಗೇ. ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು.

"ಏಳಿ ಅತ್ತೆ, ಹೊರಗೆ ಹೋಗುವ."

"ಬೇಡ. ನಾನು ಎದ್ರೆ ಅದು ಹೋಗ್ತದೆ."

"ಹೋಗ್ಲಿ."

"ಹೋದ ವರ್ಷ ಮರ್ತು ಹೋಯ್ತಾ ನಿಂಗೆ? ವಾಮನ ಮಣ್ಣು ಹೊತ್ತದ್ದು ಮರ್ತು ಹೋಯ್ತಾ?" ಒಂದೊಂದು ಮಾತಿಗೂ ಅವರು ನಿಲ್ಲಬೇಕಾಗುತ್ತಿತ್ತು. "ಜನ್ಮಕ್ಕೆ ಒಂದು ಸಲ ನನ್ನ ಮನೆಗೆ ಬಂದದ್ದು. ನಾನಾಗಿ ಅದನ್ನ ಹೊರಗೆ ಹಾಕುದಾ?"

ಅವರ ಕಂಕುಳಿಗೆ ಕೈ ಹಾಕಿ ಎತ್ತಿದೆ. ಬೈದರು, ನನ್ನ ಕೈ ಪರಚಿದರು, ಆಮೇಲೆ ಶಕ್ತಿ ಇಲ್ಲದೆ ನನ್ನ ಹೆಗಲಿಗೆ ಬಿದ್ದರು. ನನ್ನ ಕಣ್ಣಿಗೂ ಕತ್ತಲು ಕವಿಯುತ್ತಿತ್ತು. ಹೇಗೆ ಹೊಸ್ತಿಲು ದಾಟಿದೆನೋ ಗೊತ್ತಿಲ್ಲ. ಜಯಂತಿಯ ಜಗಲಿಯಲ್ಲಿ ಅವರನ್ನು ಮಲಗಿಸಿದಾಗ ಗಾಳಿ ಅವರ ಮುಖಕ್ಕೆ ಬಡಿಯಿತು. ನಿಧಾನಕ್ಕೆ ತುಟಿಯ ಬಣ್ಣ ತಿರುಗಿತು. ಕಣ್ಣು ತೆರೆದ ಕೂಡಲೇ ಅವರು ನೋಡಿದ್ದು ನಮ್ಮ ಮನೆಯ ತೆರೆದ ಬಾಗಿಲನ್ನು. ಸೆರಗನ್ನು ಮುಖಕ್ಕೆಳೆದುಕೊಂಡು ಅತ್ತರು.

ಸುದ್ದಿ ದಡ ಮುಟ್ಟಲು ಹೊತ್ತಾಗಲಿಲ್ಲ. ವಾಮನ ಬಂದ, ಅವನ ಹಿಂದೆ ಜನ, ಜನರನ್ನು ಸರಿಸಿಕೊಂಡು ಪುರ್ಸು ತಾಂಡೇಲ.

"ಒಳಗೆ ಯಾರಿದ್ದಾರೆ?" ಎಂದು ಕೇಳಿದ.

"ಯಾರೂ ಇಲ್ಲ," ಎಂದೆ.

ಅವನು ನನ್ನನ್ನು ಬೈಯಲಿಲ್ಲ. ಚಪ್ಪಲಿ ಕಳಚಿ ಜೋಡಿಸಿಟ್ಟು ನಮ್ಮ ಮೆಟ್ಟಿಲು ಹತ್ತಿದ. "ಒಳಗೆ ಕಡ್ಡಿ ಹತ್ತುದಿಲ್ಲ ತಾಂಡೇಲರೇ, ಉಸಿರಿಲ್ಲ ಅಲ್ಲಿ," ಎಂದು ಕೂಗಿದೆ. "ಹೆಂಗಸರು ಕೂತಿದ್ದಾರೆ ಅಲ್ಲಿ. ನಾನು ಕೂರ್ಲಾರೆನಾ?" ಎಂದು ಹೇಳಿ ಒಳಗೆ ಹೋದ. ಮಂಚ ಕಿರುಗುಟ್ಟಿದ್ದು ಕೇಳಿತು. ಕೆಮ್ಮು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ವಾಮನ ನನ್ನ ಕೈ ಹಿಡಿದ. "ನೀರಿಗೆ ಮುಳುಗುವಾಗ ಹಿಡಿದ ಹಾಗೆ ಉಸಿರು ಹಿಡಿ. ನಾನು ತಲೆ ಕಡೆ, ನೀನು ಕಾಲು," ಎಂದ. ನಾವಿಬ್ಬರೂ ಎದೆ ತುಂಬ ಗಾಳಿ ಎಳೆದುಕೊಂಡು ನಮ್ಮದೇ ಮನೆಯೊಳಗೆ ಮುಳುಗಿದೆವು. ಪುರ್ಸು ಮಂಚದಿಂದ ಜಾರಿ ನೆಲದ ಮೇಲಿದ್ದ, ಕಣ್ಣು ತೆರೆದೇ ಇತ್ತು. ಎತ್ತಿದಾಗ ಅವನ ಭಾರ ಕಂಡು ಆಶ್ಚರ್ಯವಾಯಿತು. ಅಷ್ಟು ದೊಡ್ಡ ಆಳು, ಒಳಗೆ ಏನೂ ಇಲ್ಲದ ಹಾಗೆ ಹಗುರವಾಗಿದ್ದ.

ಅವನನ್ನು ಅತ್ತೆಯ ಪಕ್ಕದಲ್ಲೇ ಮಲಗಿಸಿದೆವು. ಈಗ ಮನೆ ನಿಜಕ್ಕೂ ಖಾಲಿಯಾಗಿತ್ತು. ಇನ್ನೊಬ್ಬರು ಹೋಗಿ ಕೂರಲಿ ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಕಾದರು. ಅಡಿಚಳಿ ಹೊರಡುವಾಗ ಬೀದಿಯಲ್ಲಿ ಒಂದು ತಣ್ಣನೆಯ ಸೆಳಕು ಹಾದುಹೋಗುತ್ತದೆ, ಆ ಮನೆಯ ಎಣ್ಣೆ ಕರಗಿ ನೀರಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕಿಟಕಿಯ ಸರಳಿನ ಹಿಂದೆ ಬಾಟಲಿ ಬೆಳ್ಳಗೆ ನಿಂತಿತ್ತು. ಬಿಸಿಲು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಸರಿಯಿತು. ಬಾಟಲಿ ಹಾಗೇ ಇತ್ತು. ಜಯಂತಿ ಮೆಲ್ಲಗೆ ಹೋಗಿ ಹೊಸ್ತಿಲ ಒಳಗೆ ಕೈ ಚಾಚಿ, ಸುಟ್ಟುಕೊಂಡವಳಂತೆ ಹಿಂದಕ್ಕೆಳೆದುಕೊಂಡಳು. "ಇಲ್ಲೇ ಉಂಟು," ಎಂದಳು.

ಮರುದಿನವೂ ಇತ್ತು. ಖಾಲಿ ಮನೆಯಲ್ಲಿ, ಯಾರ ಉಪಚಾರವೂ ಇಲ್ಲದೆ, ಅದು ತನ್ನ ಪಾಡಿಗೆ ತಾನಿತ್ತು. ಹೊರಗೆ ಬಡಗಾಳಿ ಬೀಸುತ್ತಲೇ ಇತ್ತು.

ಆ ದಿನ ಜಯಂತಿಯ ಜಗಲಿಯಲ್ಲಿ ಗಂಜಿ ಕುಡಿಯುತ್ತಾ ನಾನು ಅತ್ತೆಯನ್ನು ಕೇಳಿದೆ, "ಮನೆ ಖಾಲಿ ಬಿಟ್ಟರೆ ಹೋಗ್ತದೆ ಅಂತ ಯಾರು ಕಂಡದ್ದು?" ಪುರ್ಸು ಕಂಬಕ್ಕೊರಗಿ ಕೂತಿದ್ದ.

"ಕಂಡಿದ್ದಾರಲ್ಲ. ಮೇಲ್ಕೇರಿಯ ಅನಂತಯ್ಯನ ಮನೆಯವರು," ಎಂದರು ಅತ್ತೆ. "ನಾನು ಆಗ ಹುಡುಗಿ. ಅವರ ಮನೇಲಿ ಅಡಿಚಳಿ ಇಳಿದಿತ್ತು. ಮಗಳ ಮದುವೆ ಅಂತ ಮನೆ ಬಾಗ್ಲು ಹಾಕಿ ಎಲ್ಲ ಚಪ್ಪರಕ್ಕೆ ಬಂದ್ರು. ತಿರ್ಗಿ ಹೋಗಿ ನೋಡಿದ್ರೆ ಎಣ್ಣೆ ಕರಗಿತ್ತು. ಆ ವರ್ಷ ಮತ್ತೆ ಮೀನಿಲ್ಲ."

"ಆ ಮದುವೆಗೆ ನೀವೂ ಹೋಗಿದ್ರಾ?"

"ಹೋಗ್ದೆ ಮತ್ತೆ? ಆ ಸೆಕೆ ಮರೀಲಿಕ್ಕುಂಟಾ? ಊಟಕ್ಕೆ ಕೂತವರೆಲ್ಲ ಬಾಳೆಎಲೆಯಿಂದ ಗಾಳಿ ಹಾಕ್ಕೊಂಡದ್ದು. ಮದುಮಗಳು ಬೆವತು ಕುಂಕುಮ ಮೂಗಿಗೆ ಇಳಿದಿತ್ತು. ಚಪ್ಪರದ ಒಂದು ತೋರಣ ಅಲ್ಲಾಡ್ಲಿಲ್ಲ—"

ಅತ್ತೆ ಅಲ್ಲಿಗೆ ನಿಲ್ಲಿಸಿದರು. ಗಂಜಿಯ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ನೋಡಿದರು. ನಮ್ಮ ಮೂವರ ನಡುವೆ ಜಯಂತಿಯ ಒಣಗಿಸಿದ ಬಟ್ಟೆಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು.

"ಆ ದಿನ ಗಾಳಿ ಬಿದ್ದಿತ್ತು," ಎಂದರು ಮೆಲ್ಲಗೆ. "ಮನೆ ಖಾಲಿ ಬಿಟ್ಟದ್ದಕ್ಕಲ್ಲ. ಗಾಳಿ ಬಿತ್ತು, ಅದು ಹೋಯ್ತು."

"ಹಾಗಾದ್ರೆ ಅದು ನಮ್ಮನ್ನ ನೋಡಿ ಕೂತದ್ದಲ್ಲ," ಎಂದೆ.

ಅತ್ತೆ, "ಅಂತೂ ನನ್ನ ಹಿಡಿತದಲ್ಲಿ ಇರ್ಲೇ ಇಲ್ಲ ಅನ್ನು," ಎಂದರು. ನೋವಿದೆಯೋ ಸಮಾಧಾನವಿದೆಯೋ ಆ ದನಿಯಲ್ಲಿ ತಿಳಿಯಲಿಲ್ಲ. ಪುರ್ಸು ಕಂಬ ಹಿಡಿದು ಎದ್ದು ನಿಂತ. ನಮ್ಮ ಮನೆಯ ಬಾಗಿಲನ್ನೇ ನೋಡುತ್ತಾ, ಯಾರಿಗೂ ಅಲ್ಲದ ಹಾಗೆ ಹೇಳಿದ.

"ಹಾಗಾದ್ರೆ ಅವಳನ್ನ ಕಳಿಸ್ಬಹುದಿತ್ತು."

ಮೆಟ್ಟಿಲಿಳಿದು ಬರಿಗಾಲಲ್ಲಿ ಹೋದ. ಚಪ್ಪಲಿ ನಮ್ಮ ಅಂಗಳದಲ್ಲೇ ಇತ್ತು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಗಾಳಿ ನಿಂತಿತು. ಅಷ್ಟು ದಿನ ಕಿವಿ ತುಂಬಿದ್ದ ಸದ್ದು ಇಲ್ಲದಾದಾಗ ಜನ ಮನೆಯಿಂದ ಹೊರಬಂದು ಒಬ್ಬರ ಮುಖ ಒಬ್ಬರು ನೋಡಿದರು. ಬೀದಿಯಲ್ಲಿ ಒಂದು ತಣ್ಣನೆಯ ಸೆಳಕು ಕಾಲಿಗೆ ತಾಗಿ ಕಡಲ ಕಡೆ ಇಳಿದುಹೋಯಿತು. ಕಿಟಕಿಯಲ್ಲಿ ಎಣ್ಣೆ ಕರಗಿತು. ಅತ್ತೆ ಹೊಸ್ತಿಲಲ್ಲಿ ನಿಂತು, "ಹೋಗಿ ಬಾ. ಉಸಿರು ತಗೊಂಡು ಬಾ," ಎಂದರು. ಸತ್ತ ಮೀನನ್ನು ನಾವೆಲ್ಲ ಸೇರಿ ಗುಂಡಿ ತೋಡಿ ಹೂತೆವು. ಕಡಲು ಬಹಳ ದಿನ ಬೂದು ಬಣ್ಣದಲ್ಲೇ ಇದ್ದು, ಆಮೇಲೆ ತೆಳುವಾಗಿ ಹಸಿರು ಕಟ್ಟಿತು. ಚಿಕ್ಕ ಚಿಕ್ಕ ಬೂತಾಯಿ ಬಂದವು. ಹೊಟ್ಟೆ ತುಂಬುವಷ್ಟಿರಲಿಲ್ಲ, ಆದರೆ ವಾಮನ ಬಾವಿ ತೋಡಲು ಹೋಗಬೇಕಾಗಲಿಲ್ಲ. ಊರು ಸಭೆ ಸೇರಿ ಕಟ್ಟಳೆಯನ್ನು ಬಿಟ್ಟಿತು. ಈಗ ಚಳಿ ಇಳಿದ ಮನೆಯವರು ಪಾತ್ರೆ ಹಾಸಿಗೆ ಎತ್ತಿಕೊಂಡು ನೆರೆಮನೆಗೆ ಬರುತ್ತಾರೆ. ಬೆಳಿಗ್ಗೆ ಬಾಗಿಲಲ್ಲಿ ಕಡ್ಡಿ ಗೀರಿ ನೋಡುತ್ತಾರೆ, ತೆಂಗಿನ ಗರಿ ನೋಡುತ್ತಾರೆ, ನೀರಿಗಿಳಿಯುವುದೋ ಬೇಡವೋ ಎಂದು ಆಮೇಲೆ ಮಾತಾಡುತ್ತಾರೆ. ಗಾಳಿ ಮೊದಲಿನ ಹಾಗೆ ಇಲ್ಲ. ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ಓರೆಯಾಗಿ ಬರುತ್ತದೆ. ಯಾಕೆ ಎಂದು ನಾನು ಕೇಳುತ್ತಲೇ ಇದ್ದೇನೆ.

ಗಾಳಿ ನಿಂತ ಆ ವಾರವೇ ಪುರ್ಸು ನನ್ನ ಅಂಗಡಿಗೆ ಬಂದ. ಒಳ್ಳೆಯ ಅಂಗಿ ಹಾಕಿದ್ದ. ಚಹ ಕೇಳಲಿಲ್ಲ.

"ತಾರಾನ ಅಕ್ಕ ಇದ್ದಾಳೆ, ಸರಸ್ವತಿ ಅಂತ. ಒಳನಾಡಲ್ಲಿ. ನನ್ನ ಜೊತೆ ಬರ್ತೀಯಾ?" ಎಂದ. "ಒಬ್ಬನೇ ಹೋದ್ರೆ ಅರ್ಧ ದಾರೀಲಿ ಇಳಿದು ವಾಪಸು ಬಂದುಬಿಡ್ತೇನೆ."

ಬಸ್ಸು ಹತ್ತಿ ಹೋದೆವು. ಸರಸ್ವತಿಯ ಮನೆ ಗದ್ದೆಯ ಅಂಚಿನಲ್ಲಿತ್ತು. ತಲೆ ಪೂರಾ ಬೆಳ್ಳಗಾದ ಹೆಂಗಸು, ಮೊರದಲ್ಲಿ ಉದ್ದು ಕೇರುತ್ತಿದ್ದಳು. ಅವನನ್ನು ಗುರುತಿಸಿದಳು. ಏಳಲೂ ಇಲ್ಲ, ಕೂರು ಎನ್ನಲೂ ಇಲ್ಲ. ಅವನು ಅಂಗಳದಲ್ಲಿ ನಿಂತೇ ಎಲ್ಲ ಹೇಳಿದ, ನಮ್ಮ ಮನೆಯದ್ದು, ಖಾಲಿ ಬಿಟ್ಟದ್ದು, ಅದು ಹೋಗದೆ ಇದ್ದದ್ದು, ಗಾಳಿ ನಿಂತ ಮೇಲೆ ಹೋದದ್ದು. ಅವಳು ಮೊರ ನಿಲ್ಲಿಸಿ ಕೇಳಿದಳು.

"ನಾನು ಅವಳನ್ನ ಕರೀಲಿಕ್ಕೆ ಬಂದ ದಿನ ಗಾಳಿ ಇತ್ತಾ?" ಎಂದು ಕೇಳಿದಳು.

ಅವನು ಸುಳ್ಳು ಹೇಳಬಹುದಿತ್ತು. ಅಷ್ಟು ಹಳೆಯ ಗಾಳಿಗೆ ಸಾಕ್ಷಿ ಯಾರು?

"ಇತ್ತು," ಎಂದ. "ಜೋರಾಗಿತ್ತು."

"ಹೌದು. ನಿನ್ನ ಬಾಗಿಲಲ್ಲಿ ನಿಂತಾಗ ನನ್ನ ಸೆರಗು ನಿಲ್ತಾ ಇರ್ಲಿಲ್ಲ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ. ಹಾಗಾಗಿ ನಿನ್ನನ್ನ ದೂಡಿ ಒಳಗೆ ಹೋಗ್ಲಿಕ್ಕೆ ಕೈ ಇರ್ಲಿಲ್ಲ ನಂಗೆ."

ಪುರ್ಸು ಮಣ್ಣಿನ ಅಂಗಳದಲ್ಲಿ ಕುಸಿದು ಕೂತ. ಕ್ಷಮಿಸು ಎಂದು ಕೇಳುತ್ತಾನೆ ಎಂದುಕೊಂಡೆ, ಕೇಳಲಿಲ್ಲ. ಅವಳೂ ಕ್ಷಮಿಸಿದೆ ಎನ್ನಲಿಲ್ಲ, ಮತ್ತೆ ಕೇರತೊಡಗಿದಳು. ಉದ್ದಿನ ಹೊಟ್ಟು ಮೊರದಿಂದ ಹಾರಿ ನಮ್ಮ ಮೂವರ ಮೇಲೂ ಬಿತ್ತು. ಪುರ್ಸು ತಲೆ ಎತ್ತಿದ.

"ಅವಳು ಚಿಕ್ಕವಳಿದ್ದಾಗ ಹೇಗಿದ್ದಳು? ನಾನು ಯಾವತ್ತೂ ಕೇಳ್ಲೇ ಇಲ್ಲ."

ಸರಸ್ವತಿ ಮೊರವನ್ನು ಪಕ್ಕಕ್ಕಿಟ್ಟಳು. ಗದ್ದೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು.

"ತಾರಾ? ಮಹಾ ಸುಳ್ಳಿ," ಎಂದಳು. "ಒಂದು ಸಲ ಶಾಲೆ ತಪ್ಪಿಸ್ಲಿಕ್ಕೆ, ಮನೇಲಿ ಹುಲಿ ಮರಿ ಹಾಕಿದೆ ಅಂತ ಮಾಸ್ತರಿಗೆ ಹೇಳಿದ್ಲು. ಅವರು ನೋಡ್ಲಿಕ್ಕೆ ಬಂದೇ ಬಿಟ್ರು." ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಚಾಪೆ ಉಂಟು, ತಗೊಂಡು ಬಾ ಮಗಾ. ಇದು ಬೇಗ ಮುಗಿಯುವ ಕಥೆ ಅಲ್ಲ," ಎಂದಳು.